ಹಳೇ ಹಾರ್ಡ್ ಡಿಸ್ಕ್ ತೆಗೆದರೆ ವಿಂಡೋಸ್ ಬರುವುದೇ ಇಲ್ಲ!

ಪ್ರಶ್ನೆ: ನಮಸ್ಕಾರ ಸರ್. ಮುಂಬೈನ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಬಿಡಿಭಾಗ ಕೊಂಡು ನಾನು, ಮಗ ಸೇರಿ ಮನೆಯಲ್ಲೇ ಪಿಸಿ ಜೋಡಿಸಿದೆವು. ಹೊಸ 1 ಟಿಬಿ ಎಸ್‌ಎಸ್‌ಡಿಗೆ (ಚಿಪ್‌ನಲ್ಲಿ ಫೈಲ್ ಇಡುವ ಡಿಸ್ಕ್) ವಿಂಡೋಸ್ 11 ಹಾಕಿದ್ದೇವೆ. ಊರಿನ ಫೋಟೋಗಳಿರುವ ಹಳೇ ಪಿಸಿಯ ಹಾರ್ಡ್ ಡಿಸ್ಕನ್ನೂ ಆಗಲೇ ಸೇರಿಸಿದ್ದೆವು. ಅದು ಕರಕರ ಸದ್ದು ಮಾಡುತ್ತಿದೆ ಅಂತ ತೆಗೆದರೆ ವಿಂಡೋಸ್ ಬರುವುದೇ ಇಲ್ಲ, ನೇರ ಬಯಾಸ್ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ತೆರೆಯುತ್ತದೆ. ಮತ್ತೆ ಹಾಕಿದರೆ ಸರಿ. ಅಂಗಡಿಯವರು ಎಸ್‌ಎಸ್‌ಡಿ ಹೋಗಿದೆ, ಬೇರೆ ತಗೊಳ್ಳಿ ಅನ್ನುತ್ತಾರೆ. ಏನು ಮಾಡೋಣ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಗೊಳ್ಳಬೇಡಿ. ಎಸ್‌ಎಸ್‌ಡಿ ಕೆಟ್ಟಿದ್ದರೆ ಹಾರ್ಡ್ ಡಿಸ್ಕ್ ಹಾಕಿದಾಗಲೂ ವಿಂಡೋಸ್ ಓಡುತ್ತಿರಲಿಲ್ಲ, ಅಲ್ವಾ?

ಆಗಿರುವುದು ಇಷ್ಟು. ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್ ನೇರವಾಗಿ ಸಿ ಡ್ರೈವ್‌ಗೆ ಹೋಗುವುದಿಲ್ಲ. ಮೊದಲು ಇಎಫ್ಐ ಅನ್ನುವ ಪುಟ್ಟ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಹುಡುಕುತ್ತದೆ, ಸಾಮಾನ್ಯವಾಗಿ 100 ಎಂಬಿ ಇರುತ್ತದೆ, ವಿಂಡೋಸ್ ಶುರು ಮಾಡುವ ಫೈಲ್ ಇರುವುದು ಅದರೊಳಗೆ. ಇನ್‌ಸ್ಟಾಲ್ ಮಾಡುವಾಗ ಬೇರೆ ಡಿಸ್ಕ್‌ನಲ್ಲಿ ಅಂಥ ಪಾರ್ಟಿಷನ್ ಆಗಲೇ ಇದ್ದರೆ ವಿಂಡೋಸ್ ಎಷ್ಟೋ ಸಲ ಅದನ್ನೇ ಬಳಸಿಕೊಂಡುಬಿಡುತ್ತದೆ, ಹೊಸದು ಮಾಡುವುದಿಲ್ಲ. ಹಾಗಾಗಿ ವಿಂಡೋಸ್ ಅನ್ನುವ ನಿಮ್ಮ ಮನೆ ಎಸ್‌ಎಸ್‌ಡಿಯಲ್ಲಿದೆ, ಬೀಗದ ಕೈ ಹಳೇ ಡಿಸ್ಕ್‌ನಲ್ಲಿ ಉಳಿದಿದೆ. ನೋಡಬೇಕಾದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇಎಫ್ಐ ಸಿಸ್ಟಮ್ ಪಾರ್ಟಿಷನ್ ಅನ್ನುವ ಹೆಸರು ಯಾವ ಡಿಸ್ಕ್‌ನ ಸಾಲಿನಲ್ಲಿದೆ ಅಂತ ತಿಳಿಯುತ್ತದೆ.

ಆದರೆ ನನಗೆ ಜಾಸ್ತಿ ಚಿಂತೆ ಆಗಿದ್ದು ಆ ಕರಕರ ಸದ್ದು. ಹಾಗೆ ಸದ್ದು ಮಾಡುವ ಹಾರ್ಡ್ ಡಿಸ್ಕ್ ಯಾವಾಗ ಬೇಕಾದರೂ ಕೈಕೊಡಬಹುದು. ಬೇರೆಲ್ಲ ಆಮೇಲೆ, ಇವತ್ತೇ ಫೋಟೋಗಳನ್ನು ಹೊರಗಿನ ಡ್ರೈವ್ ಒಂದಕ್ಕೆ ನಕಲು ಮಾಡಿಕೊಳ್ಳಿ. ಎಸ್‌ಎಸ್‌ಡಿಗೆ ಹಾಕಿಟ್ಟರೆ ಸಾಲದು, ಅದನ್ನು ಈಗ ಅಳಿಸಬೇಕಾಗುತ್ತದೆ.

ಹೊಸ ಪಿಸಿ, ಅದರಲ್ಲಿ ಹೆಚ್ಚೇನೂ ಇರಲಿಕ್ಕಿಲ್ಲ. ಹಾಗಾಗಿ ವಿಂಡೋಸ್ ಮತ್ತೊಮ್ಮೆ ಹಾಕುವುದೇ ಸುಲಭ. ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಹಾರ್ಡ್ ಡಿಸ್ಕ್‌ನ ಕೇಬಲ್ ಬಿಚ್ಚಿ. ವಿಂಡೋಸ್ ಹಾಕುವ ಫೈಲ್‌ಗಳಿರುವ ಪೆನ್ ಡ್ರೈವ್‌ನಿಂದ ಪಿಸಿ ಶುರು ಮಾಡಿ, ಎಸ್‌ಎಸ್‌ಡಿಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ, ಖಾಲಿ ಜಾಗವನ್ನೇ ಆರಿಸಿ ನೆಕ್ಸ್ಟ್ ಒತ್ತಿ. ಬೇಕಾದ ಪಾರ್ಟಿಷನ್ ಅದೇ ಮಾಡಿಕೊಳ್ಳುತ್ತದೆ. ಅಳಿಸದೆಯೂ ಸರಿಮಾಡಬಹುದು: ಸಿ ಡ್ರೈವ್ ಸ್ವಲ್ಪ ಕುಗ್ಗಿಸಿ, ಇಎಫ್ಐ ಪಾರ್ಟಿಷನ್ ಮಾಡಿ, ವಿಂಡೋಸ್‌ನದೇ ಬಿಸಿಡಿಬೂಟ್ ಅನ್ನುವ ಕಮಾಂಡ್‌ನಿಂದ ಫೈಲ್‌ಗಳನ್ನು ಅಲ್ಲಿ ಹಾಕಬೇಕು. ಕಮಾಂಡ್ ಕೆಲಸ ರೂಢಿ ಇಲ್ಲದಿದ್ದರೆ ಆ ದಾರಿ ಬೇಡ, ಡಿಸ್ಕ್ ನಂಬರ್ ತಪ್ಪಿದರೆ ಫೋಟೋಗಳೇ ಹೋಗುತ್ತವೆ.

ಪ್ರಶ್ನೆ: ರೈಜೆನ್ 5 5600 ಪ್ರೊಸೆಸರ್ ಹಾಕಿ ಪಿಸಿ ಜೋಡಿಸಿದೆ. ಗ್ರಾಫಿಕ್ಸ್ ಕಾರ್ಡ್ ಕೂಡ ಇದೆ. ಫ್ಯಾನ್‌ಗಳೆಲ್ಲ ತಿರುಗುತ್ತವೆ, ಮಾನಿಟರ್‌ನಲ್ಲಿ ಮಾತ್ರ ಏನೂ ಬರುವುದಿಲ್ಲ. ಮದರ್‌ಬೋರ್ಡ್ ವಾಪಸ್ ಕೊಡಲೇ?
– ವಿದ್ಯಾರ್ಥಿ, ಪುಣೆ

ಉತ್ತರ: ಮೊದಲು ಪಿಸಿಯ ಹಿಂಬದಿ ನೋಡಿ. ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡ್‌ಗೆ ಚುಚ್ಚಿದ್ದೀರಾ? ಈ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ, ಅಲ್ಲಿಂದ ಚಿತ್ರ ಬರುವುದಿಲ್ಲ. ಕೇಬಲನ್ನು ಗ್ರಾಫಿಕ್ಸ್ ಕಾರ್ಡ್‌ಗೇ ಹಾಕಿ. ಆಗಲೂ ಬರದಿದ್ದರೆ ರ‍್ಯಾಮ್ ಕಿತ್ತು ಕ್ಲಿಕ್ ಅನ್ನುವವರೆಗೆ ಒತ್ತಿ ಕೂರಿಸಿ. ಬೋರ್ಡ್ ಹಳೇ ಸ್ಟಾಕ್, ಬಿ450 ಅನ್ನುವ ಹಳೇ ಮಾದರಿ ಆಗಿದ್ದರೆ ಈ ಪ್ರೊಸೆಸರ್ ಗುರುತಿಸಲು ಬಯಾಸ್ ಅಪ್‌ಡೇಟ್ ಬೇಕಾಗಿರಬಹುದು. ಕೊಂಡ ಅಂಗಡಿಯಲ್ಲೇ ಮಾಡಿಕೊಡಲು ಕೇಳಿ.