ಅಪಘಾತವಾಗಿ ಮೂರು ತಿಂಗಳಾದರೂ ಲಾರಿ ಹಾರ್ನ್ ಕೇಳಿದರೆ ಮೈ ನಡುಗುವುದೇಕೆ?

ನಿಮ್ಮ ಮಿದುಳು ಹಾರ್ನ್ ಸದ್ದನ್ನೇ ಅಪಾಯವೆಂದು ಕಲಿತುಬಿಟ್ಟಿದೆ. ಮಿದುಳಿನೊಳಗೆ ಅಪಾಯದ ಸುಳಿವು ಹಿಡಿಯುವ, ಬಾದಾಮಿಯಷ್ಟಿರುವ ಅಮಿಗ್ಡಾಲಾ, ಸದ್ದು ಯಾವುದೆಂದು ನಿಮಗೆ ಹೊಳೆಯುವ ಮೊದಲೇ, ದೇಹವನ್ನು ಎಚ್ಚರಿಸುವ ಹೈಪೋಥಾಲಮಸ್‌ಗೆ ಸುದ್ದಿ ಮುಟ್ಟಿಸುತ್ತದೆ. ಅಡ್ರಿನಲಿನ್ ಹರಿದು ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ನಿಧಾನ, ಅದು ಏರಲು ಹಲವು ನಿಮಿಷ ಬೇಕು. ಸದ್ದು ನಿಂತ ಮೇಲೂ ಸುಸ್ತು, ಕಿರಿಕಿರಿ ಉಳಿಯಬಹುದು.

ಸಾಮಾನ್ಯವಾಗಿ ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್ "ಇದು ಬೇರೆ ಲಾರಿ, ದೂರದಲ್ಲಿದೆ" ಎಂದು ಅಮಿಗ್ಡಾಲಾವನ್ನು ಸುಮ್ಮನಾಗಿಸುತ್ತದೆ. ಎಲ್ಲಿ, ಯಾವಾಗ ನಡೆಯಿತು ಎಂಬುದನ್ನು ನೆನಪಿನ ಭಾಗವಾದ ಹಿಪೊಕ್ಯಾಂಪಸ್ ಜೋಡಿಸಿಡುತ್ತದೆ. ತೀವ್ರ ಆಘಾತದಲ್ಲಿ ಇವೆರಡರ ಹಿಡಿತವೂ ಸಡಿಲವಾಗುತ್ತದೆ. ಹಾರ್ನ್, ಡೀಸೆಲ್ ವಾಸನೆ, ಬ್ರೇಕಿನ ಕಿರ್ರೆಂಬ ಸದ್ದು ಬಿಡಿಬಿಡಿಯಾಗಿ ಉಳಿದು, ಒಂದೊಂದೂ ಈಗಲೇ ನಡೆಯುತ್ತಿರುವಂತೆ ಕಾಡುತ್ತವೆ. ನಿದ್ದೆಗೆಟ್ಟರೆ ಇನ್ನೂ ಜೋರು.

ಹೆಚ್ಚಿನವರು ಎಡವುವುದು ಆ ರಸ್ತೆಯನ್ನೇ ಬಿಟ್ಟುಬಿಡುವುದರಲ್ಲಿ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿಯೇ "ಅಲ್ಲಿ ಅಪಾಯವಿತ್ತು" ಎಂಬ ಪಾಠವನ್ನು ಗಟ್ಟಿ ಮಾಡುತ್ತದೆ. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠ ಕೂರಬೇಕು. ಹಗಲಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು, ರಸ್ತೆಯಿಂದ ಸಾಕಷ್ಟು ದೂರ ನಿಲ್ಲಿ. 4 ಎಣಿಸುತ್ತಾ ಉಸಿರೆಳೆದು 6 ಎಣಿಸುತ್ತಾ ಬಿಡಿ. ಭಯ ಅರ್ಧಕ್ಕಿಳಿಯುವವರೆಗೆ ಅಲ್ಲೇ ಇರಿ. ಮಧ್ಯದಲ್ಲಿ ಓಡಿಬಂದರೆ ಭಯವೇ ಗೆಲ್ಲುತ್ತದೆ. ಮದ್ಯ, ತಾವಾಗಿಯೇ ನುಂಗುವ ನಿದ್ದೆಮಾತ್ರೆ ದಯವಿಟ್ಟು ಬೇಡ, ಈ ಕಲಿಕೆಗೇ ಅಡ್ಡಿ.

ಕೆಟ್ಟ ಕನಸು, ಬೆಚ್ಚಿಬೀಳುವುದು ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಿ. ನಿಮಗೆ ಮೂರು ತಿಂಗಳಾಗಿದೆ, ಇನ್ನು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.