ಸಿಸ್ಟರ್‌ಗಳ ಶಾಲೆಯಲ್ಲಿ ಮಗಳು ಒಂಟಿಯಾಗ್ತಾಳಾ?

ಹುಬ್ಬಳ್ಳಿಯಿಂದ ಮಂಗಳೂರಿಗೆ ವರ್ಗವಾಗಿದೆ, ನಾವು ಹಿಂದೂಗಳು, ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರ್‌ಗಳು ನಡೆಸುವ ಶಾಲೆಗೆ ಸೇರಿಸಿದರೆ ಮಗಳು ಒಂಟಿಯಾಗುತ್ತಾಳಾ ಅಂತ ಕೇಳಿದ್ದೀರಿ. ಆ ಭಯ ಬೇಡ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ, ಕೆಥೋಲಿಕರ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಎಲ್ಲ ಧರ್ಮದ ಮಕ್ಕಳೂ ತಲೆಮಾರುಗಳಿಂದ ಕ್ರೈಸ್ತರು ನಡೆಸುವ ಇಂಥ ಶಾಲೆಗಳಲ್ಲಿ ಓದಿದ್ದಾರೆ.

ಸೆಪ್ಟೆಂಬರ್ 8ರಂದು ಇಲ್ಲಿನ ಕೆಥೋಲಿಕರು ಮಾಡುವ ಮೊಂತಿ ಹಬ್ಬವನ್ನೇ ನೋಡಿ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಯೇಸುವಿನ ತಾಯಿ ಮರಿಯಮ್ಮನಿಗೆ ಹಾಕುತ್ತಾರೆ. ಪಾದ್ರಿಗಳು ಹೊಸ ತೆನೆ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಆ ಭತ್ತ ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲರೂ ಒಟ್ಟಿಗೆ ಕೂತು ಕುಡಿಯುತ್ತಾರೆ. ಊಟಕ್ಕೆ ಮೀನೂ ಇಲ್ಲ, ಮಾಂಸವೂ ಇಲ್ಲ. ಕರಾವಳಿಯ ಹಿಂದೂ ಮನೆಗಳಲ್ಲೂ ತೆನೆ ಕಟ್ಟುವ ಹಬ್ಬ ಇದೆ ಅಲ್ವಾ, ಹಾಗಾಗಿ ಕ್ಲಾಸಿನ ಮಕ್ಕಳಿಗೆ ಇದು ಬೇರೆಯವರ ಹಬ್ಬ ಅನ್ನಿಸುವುದು ಕಡಿಮೆ.

ಧರ್ಮೋಪದೇಶದ ಕ್ಲಾಸ್ ಸಾಮಾನ್ಯವಾಗಿ ಕೆಥೋಲಿಕ್ ಮಕ್ಕಳಿಗೆ, ಉಳಿದವರಿಗೆ ನೀತಿಪಾಠ. ಸರ್ಕಾರದ ಮಾನ್ಯತೆ ಇರುವ ಶಾಲೆ ನಿಮ್ಮ ಒಪ್ಪಿಗೆ ಇಲ್ಲದೆ ಮಗಳನ್ನು ಪ್ರಾರ್ಥನೆಗೆ ಕೂರಿಸುವ ಹಾಗಿಲ್ಲ, ಸಂವಿಧಾನದ 28ನೇ ವಿಧಿಯಲ್ಲೇ ಇದೆ.

ಒಂದು ಮಾತು ಮಾತ್ರ. ‘ನಾವೆಲ್ಲ ಒಂದೇ ಕುಟುಂಬ’ ಅಂತ ಸುಮ್ನೆ ಬ್ಯಾನರ್ ಹಾಕುವ ಶಾಲೆಗಳೂ ಇವೆ. ಅಡ್ಮಿಷನ್‌ಗೆ ಮೊದಲು ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನಾಲ್ಕು ಜನ ತಾಯಂದಿರನ್ನು ಮಾತಾಡಿಸಿ. ಫೀಸ್ ಕಟ್ಟಲು ಕಷ್ಟವಾದಾಗ, ಮಗು ವಾರಗಟ್ಟಲೆ ಹುಷಾರಿಲ್ಲದೆ ಮಲಗಿದಾಗ ಶಾಲೆಯಿಂದ ಯಾರಾದರೂ ವಿಚಾರಿಸಿದರಾ ಅಂತ ಕೇಳಿ. ಪ್ರಾಸ್ಪೆಕ್ಟಸ್‌ಗಿಂತ ಜಾಸ್ತಿ ವಿಷಯ ಅಲ್ಲೇ ಸಿಗುತ್ತದೆ.