ದೇಹವೇ ಮೂಳೆ ತಿನ್ನುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 62. ಅಂಗಳದ ಪಾಚಿಯಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಮೂಳೆ ತಿನ್ನುವ ಕೋಶಗಳ ಕೆಲಸ ಜಾಸ್ತಿಯಾಗಿದೆ ಎಂದರು ಡಾಕ್ಟರು. ಹಾಗೂ ಉಂಟೇ?
– ಓದುಗರು, ಕುಮಟಾ

ಉತ್ತರ: ಉಂಟು. ಹಳೆ ಮೂಳೆಯನ್ನು ಆಸ್ಟಿಯೋಕ್ಲಾಸ್ಟ್ ಕೋಶಗಳು ಕರಗಿಸಿದರೇ ಹೊಸದಕ್ಕೆ ಜಾಗ. ಅವು ಹುಟ್ಟಲು ರ‍್ಯಾಂಕ್‌ಎಲ್ ಎಂಬ ಸಂಕೇತ ಬೇಕು. ಮುಟ್ಟು ನಿಂತು ಈಸ್ಟ್ರೊಜೆನ್ ಹಾರ್ಮೋನು ಇಳಿದಾಗ ಈ ಸಂಕೇತದ ಕೈ ಮೇಲಾಗುತ್ತದೆ.

ನನಗೆ ಬೆರಗು ಹುಟ್ಟಿಸುವುದು ಮುಂದಿನದು. ಶಿರಸಿಯ ನಮ್ಮ ತೋಟದಲ್ಲಿ ಉದುರಿದ ಸೋಗೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ ಅಲ್ವಾ? ಕೋಶವೂ ತನ್ನ ಸವೆದ ಭಾಗಗಳನ್ನು ಒಡೆದು ಮತ್ತೆ ಬಳಸುತ್ತದೆ. ಅದೇ ಆಟೊಫೇಜಿ. ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ತಂದ ವಿಷಯ. ಆಸ್ಟಿಯೋಕ್ಲಾಸ್ಟ್ ಮೂಳೆಗೆ ಅಂಟಿ ಕೂತು, ಸೀರೆ ನೆರಿಗೆಯಂಥ ಅಂಚಿನಿಂದ ಆಮ್ಲ ಸುರಿಯುತ್ತದೆ. ಆ ನೆರಿಗೆ ಸರಿಯಾಗಿ ಮೂಡಲು ಎಟಿಜಿ5ನಂಥ ಆಟೊಫೇಜಿ ಪ್ರೋಟೀನುಗಳೂ ಬೇಕು. ಹಾಗಂತ ಆಟೊಫೇಜಿಯನ್ನೇ ನಿಲ್ಲಿಸುವಂತಿಲ್ಲ, ಮೂಳೆ ಕಟ್ಟುವ ಕೋಶಗಳಿಗೂ ಅದು ಬೇಕು.

ರ‍್ಯಾಂಕ್‌ಎಲ್ ತಡೆಯಲು ಡೆನೊಸುಮ್ಯಾಬ್ ಚುಚ್ಚುಮದ್ದಿದೆ, 6 ತಿಂಗಳಿಗೊಮ್ಮೆ. ಶುರು ಮಾಡಿದ ಮೇಲೆ ಡಾಕ್ಟರನ್ನು ಕೇಳದೆ ಸುಮ್ನೆ ಬಿಡಬೇಡಿ, ಬೆನ್ನುಮೂಳೆ ಮುರಿಯುವ ಅಪಾಯವಿದೆ. ಮೊದಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅಂಗಳಕ್ಕೆ ಇವತ್ತೇ ಅಡಿಕೆ ದಬ್ಬೆ ಹಾಸಿ.